ಹುಣಸೆಮರ ದಾಟಿದ ಮೇಲೆ ಟಿಕೆಟ್ ಇಲ್ಲ

ಕಾರೇಕಟ್ಟೆ ನಿಲ್ದಾಣದ ಇತಿಹಾಸ ಬರೆಯಲು ಹೊರಟ ಸೋಮಶೇಖರ್ ಮೇಷ್ಟ್ರು ಆ ನಿಲ್ದಾಣಕ್ಕೆ ಅರ್ಪಿಸಿದ ಮೊದಲ ಕಾಣಿಕೆ ತಮ್ಮ ಪ್ಯಾಂಟಿನ ಹಿಂಭಾಗ.

ತಪ್ಪು ಅವರದೇ. ಕೊಟ್ಟೂರಿನಿಂದ ಹರಪನಹಳ್ಳಿಯ ಕಾಲೇಜಿಗೆ ದಿನಾ ಹೋಗುವ ಮೇಷ್ಟ್ರು ಯಾವಾಗಲೂ ಕೊನೆಯ ಡಬ್ಬಿಯಲ್ಲೇ ಕೂರುವವರು. ಅಲ್ಲಿ ಜನ ಕಡಿಮೆ, ಕಾಲು ಚಾಚಿ ನಿದ್ದೆ ಮಾಡಬಹುದು. ಆದರೆ ಕಾರೇಕಟ್ಟೆಯ ಪ್ಲಾಟ್‌ಫಾರ್ಮ್ ಮೂರು ಡಬ್ಬಿಯಷ್ಟೇ ಉದ್ದ, ಕೊನೆಯ ಡಬ್ಬಿ ನಿಲ್ಲುವುದು ಜಾಲಿ ಪೊದೆಯ ನಡುವೆ. ದಿನಾ ಕಿಟಕಿಯಿಂದ ನೋಡಿದ್ದರೂ ತಾವೊಂದು ದಿನ ಅಲ್ಲಿ ಇಳಿಯಬೇಕಾದೀತೆಂದು ಮೇಷ್ಟ್ರು ಯೋಚಿಸಿರಲಿಲ್ಲ. ಗಾಡಿ ನಿಲ್ಲುವುದು ಒಂದು ನಿಮಿಷ. ಅದರಲ್ಲಿ ಅರ್ಧ ನಿಮಿಷ ಮೆಟ್ಟಿಲ ಮೇಲೆ ನಿಂತು ಜಲ್ಲಿಕಲ್ಲಿನ ಆಳ ಅಳೆದರು, ಉಳಿದ ಅರ್ಧದಲ್ಲಿ ದೇವರ ಮೇಲೆ ಭಾರ ಹಾಕಿ ಹಾರಿದರು. ಐವತ್ತೊಂದು ವರ್ಷದ ದೇಹ ಕಲ್ಲಿನ ಮೇಲೆ ಕೂತು, ಕೂತಲ್ಲಿಂದ ಜಾರಿ, ಜಾಲಿಯ ಬುಡ ಸೇರಿತು. ಪರ್ ಎಂಬ ಸದ್ದು ಡಬ್ಬಿಯೊಳಗಿದ್ದ ಅವರ ಇಬ್ಬರು ವಿದ್ಯಾರ್ಥಿಗಳಿಗೂ ಕೇಳಿಸಿತು. "ಹುಷಾರು ಸರ್" ಎಂದು ಅವರು ಕೂಗಿದ್ದು ಸದ್ದಾದ ಮೇಲೆ.

ಗಾಡಿ ಹೋಯಿತು. ಮೇಷ್ಟ್ರು ಎದ್ದು, ಬೆನ್ನನ್ನು ತಂತಿಬೇಲಿಗೆ ಒತ್ತಿಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತ ನಿಲ್ದಾಣದ ಕಡೆ ಬಂದರು. ನಿಲ್ದಾಣ ಅಂದರೆ ಒಂದು ಕೋಣೆ, ಕೋಣೆಗೊಂದು ಗೇಣಗಲದ ಕಿಟಕಿ, ಕಿಟಕಿಯ ಹಿಂದೆ ಒಬ್ಬ ಹೆಂಗಸು. ಅವಳ ಮುಖದಲ್ಲಿ ಬೆಳಗಿನ ಒಂಬತ್ತೂವರೆಗೇ ಮಧ್ಯಾಹ್ನದ ಬಿಸಿಲಿತ್ತು.

"ಮನುಷ್ಯಾರು ಮುಂದಕ್ಕ ನಡೀತಾರ" ಎಂದಳು ಅವಳು. "ಏಡಿ ಹಿಂಗ ನಡೀತಾವ."

ಮೇಷ್ಟ್ರು ತಮ್ಮ ಹೆಸರು, ಕೆಲಸ, ಕೊಟ್ಟೂರಿನ ರೈಲು ಪ್ರಯಾಣಿಕರ ಸಂಘದಲ್ಲಿ ತಮಗಿರುವ ಕಾರ್ಯದರ್ಶಿ ಪದವಿ, ಎಲ್ಲವನ್ನೂ ಹೇಳಿಕೊಂಡರು. ಅವಳು ಎಲ್ಲ ಕೇಳಿ ಕೈ ಚಾಚಿ, ಟಿಕೆಟ್ ಎಲ್ಲಿ ಎಂದಳು. ಮೇಷ್ಟ್ರು ಹೆಮ್ಮೆಯಿಂದ ತಿಂಗಳ ಪಾಸು ತೋರಿಸಿದರು. ಸತ್ತ ಇಲಿಯನ್ನು ಬಾಲ ಹಿಡಿದು ತೋರಿಸಿದರೆ ನೋಡುವಂತೆ ಅವಳು ಪಾಸನ್ನು ನೋಡಿದಳು. ಪಾಸಿನವರಿಂದ ಈ ನಿಲ್ದಾಣಕ್ಕೆ ಮೂರು ಕಾಸಿನ ಉಪಯೋಗವಿಲ್ಲ, ಪಾಸು ಕೊಟ್ಟೂರಿನ ಲೆಕ್ಕಕ್ಕೆ ಹೋಗುತ್ತದೆ ಎಂದಳು. ಆಮೇಲೆ ಡ್ರಾಯರ್ ಎಳೆದು ಒಂದು ಪಿನ್ನನ್ನು ಕಿಟಕಿಯ ಅಡಿಯಿಂದ ಹೊರಕ್ಕೆ ತಳ್ಳಿದಳು.

"ಹಿಂದ ಚುಚ್ಚಿಗೋರಿ. ತಿರುಗಿ ಕೊಡಬೇಕು. ಮತ್ತ ಇಲ್ಲಿ ಯಾರೂ ಹಾರಬಾರ್ದು, ಗೊತ್ತಿರ್ಲಿ."

ಅವಳೇ ಎರ್ರೆಮ್ಮ. ಕಾರೇಕಟ್ಟೆ ಹಾಲ್ಟಿನ ಟಿಕೆಟ್ ಏಜೆಂಟು. ಇಂಥ ಪುಟ್ಟ ನಿಲ್ದಾಣಗಳಲ್ಲಿ ಸಂಬಳದ ನೌಕರರು ಇರುವುದಿಲ್ಲ. ಯಾರೋ ಒಬ್ಬರು ಗುತ್ತಿಗೆ ಹಿಡಿದು, ದೊಡ್ಡ ನಿಲ್ದಾಣದಿಂದ ಟಿಕೆಟಿನ ಕಟ್ಟು ತಂದು, ತಾರೀಖು ಒತ್ತಿ ಮಾರಿ, ಮಾರಿದ್ದಕ್ಕೆ ಒಂದಿಷ್ಟು ಕಮಿಷನ್ ಪಡೆಯುತ್ತಾರೆ. ಮೊದಲು ಈ ಕೆಲಸ ಎರ್ರೆಮ್ಮನ ಗಂಡ ಉಚ್ಚಂಗೆಪ್ಪನದಾಗಿತ್ತು. ಅವನು ತೀರಿಕೊಂಡ ಮೇಲೆ ಇವಳದು. ತವರು ಹೊಸಹಳ್ಳಿ ಕಡೆ. ಓದು ಏಳನೇ ಇಯತ್ತೆ. ತಾರೀಖು ಒತ್ತುವ ಕಬ್ಬಿಣದ ಯಂತ್ರಕ್ಕೆ ವಾರಕ್ಕೊಮ್ಮೆ ಶೇಂಗಾ ಎಣ್ಣೆ ಬಿಡುತ್ತಿದ್ದಳು. ಬೇವಿನ ಮರದ ಸುತ್ತಲ ಕಲ್ಲಿಗೆ ತಾನೇ ಸುಣ್ಣ ಬಳಿಯುತ್ತಿದ್ದಳು. ಪ್ಲಾಟ್‌ಫಾರ್ಮಿಗೆ ಬಂದ ಆಡುಗಳಿಗೂ ಮನುಷ್ಯರಿಗೂ ಒಂದೇ ದನಿಯಲ್ಲಿ ಗದರುತ್ತಿದ್ದಳು. ಆಡುಗಳು ಮಾತ್ರ ಕೇಳುತ್ತಿದ್ದವು.

ಮೇಷ್ಟ್ರು ಚೀಲದಿಂದ ಒಂದು ಪುಸ್ತಿಕೆ ತೆಗೆದರು. ಸಂಘದ ಅಧ್ಯಕ್ಷರು ಕರಾವಳಿಗೆ ಪ್ರವಾಸ ಹೋದಾಗ ಅಲ್ಲಿನ ಯಾವುದೋ ಸಣ್ಣ ನಿಲ್ದಾಣದ ಇತಿಹಾಸ ಮತ್ತು ಸೌಲಭ್ಯಗಳ ಪುಸ್ತಿಕೆ ತಂದಿದ್ದರು. ನಮ್ಮ ಸಾಲಿನ ನಿಲ್ದಾಣಗಳಿಗೂ ಇದೇ ಮಾದರಿಯಲ್ಲಿ ಬರೆದು ಮೇಲಿನ ಕಚೇರಿಗೆ ಕೊಡೋಣ, ಒಂದು ಶೀರ್ಷಿಕೆಯನ್ನೂ ಬಿಡಬಾರದು ಎಂದು ಅಧ್ಯಕ್ಷರ ಅಪ್ಪಣೆ. ಮೇಷ್ಟ್ರು ಇತಿಹಾಸದ ಅಧ್ಯಾಪಕರು, ಅಪ್ಪಣೆ ಮೀರುವವರಲ್ಲ. ಒಂದೊಂದೇ ಶೀರ್ಷಿಕೆ ಓದಿ ಕೇಳುತ್ತ ಹೋದರು.

ಕುಡಿಯುವ ನೀರು? ನಲ್ಲಿ ಇದೆ, ನೀರು ಎರ್ರೆಮ್ಮ ಮನೆಯಿಂದ ಕೊಡದಲ್ಲಿ ತರುತ್ತಾಳೆ, ಅದು ಅವಳಿಗೆ. ಶೌಚಾಲಯ? ಇದೆ, ಬೀಗ ಹಾಕಿದೆ, ಬೀಗದ ಕೈ ಕಟ್ಟಡ ಉದ್ಘಾಟನೆ ಮಾಡಿದವರ ಜೇಬಿನಲ್ಲೇ ಹೋಗಿದೆ. ಆಸನ? ಒಂದು ಸಿಮೆಂಟ್ ಬೆಂಚು ಇತ್ತು. ಅದರ ಬೆನ್ನ ಮೇಲೆ 'ದಾನಿಗಳು: ಶ್ರೀ ಗುರುಸಂಗಪ್ಪ ಗೌಡರು' ಎಂದು ಕೆಂಪು ಅಕ್ಷರ. ಬೆಂಚಿನ ತುಂಬ ಎರ್ರೆಮ್ಮ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದಳು. ಯಾರೂ ಕೂರುವ ಹಾಗಿರಲಿಲ್ಲ. ವರ್ಷದಿಂದ ಅಲ್ಲಿ ಒಂದಲ್ಲ ಒಂದು ಕಾಳುಕಡ್ಡಿ ಒಣಗುತ್ತಲೇ ಇದೆಯೆಂದು ಮೇಷ್ಟ್ರಿಗೆ ಆಮೇಲೆ ಗೊತ್ತಾಯಿತು.

ಕೊನೆಯ ಶೀರ್ಷಿಕೆ ಬಂದಾಗ ಮೇಷ್ಟ್ರು ಸ್ವಲ್ಪ ತಡವರಿಸಿದರು. ಆದರೂ ಕೇಳಿದರು: ಕಡಲತೀರಕ್ಕೆ ಎಷ್ಟು ದೂರ?

ಎರ್ರೆಮ್ಮ ಹೊರಗೆ ನೋಡಿದಳು. ಹಳಿಯ ಆಚೆ ಸಜ್ಜೆ ಹೊಲ, ಅದರಾಚೆ ಬೋಳು ಗುಡ್ಡ. "ಗಾಡಿ ನಿಂತ್ರ ಹತ್ರ" ಎಂದಳು. "ನಿಲ್ಲಲಿಲ್ಲ ಅಂದ್ರ ಭಾಳ ದೂರ."

ಆ ಮಾತು ಬರಿಯ ಮಾತಾಗಿರಲಿಲ್ಲ. ಅವಳ ಹಿಂದಿನ ಕ್ಯಾಲೆಂಡರಿನ ಮರೆಯಲ್ಲಿ ಮಡಚಿಟ್ಟ ರೈಲ್ವೆ ಕಾಗದದ ಒಂದು ಪ್ರತಿ ಮೇಷ್ಟ್ರ ಚೀಲದಲ್ಲೂ ಇತ್ತು. ಬರುವ ಸೋಮವಾರ ಇನ್ಸ್‌ಪೆಕ್ಟರು ಬಂದು ಬೆಳಗಿನ ಗಾಡಿಗೆ ಈ ಕಿಟಕಿಯಲ್ಲಿ ಎಷ್ಟು ಟಿಕೆಟ್ ಮಾರಾಟವಾಗುತ್ತದೆಂದು ಕಣ್ಣಾರೆ ಎಣಿಸುತ್ತಾರೆ. ಮೂವತ್ತಾದರೆ ನಿಲುಗಡೆ ಉಳಿಯುತ್ತದೆ. ಒಂದು ಕಡಿಮೆಯಾದರೂ ಮುಂದಿನ ತಿಂಗಳಿಂದ ಗಾಡಿ ಕಾರೇಕಟ್ಟೆಯಲ್ಲಿ ನಿಲ್ಲುವುದಿಲ್ಲ. ಕಿಟಕಿ ಹೋಗುತ್ತದೆ, ಎರ್ರೆಮ್ಮನ ಕೆಲಸವೂ ಹೋಗುತ್ತದೆ.

ಈಗ ದಿನಕ್ಕೆ ಎಷ್ಟು ಹೋಗುತ್ತದೆ ಎಂದು ಮೇಷ್ಟ್ರು ಕೇಳಿದರು. ಎರಡು, ಎಂದಳು. ಒಂದು ನರ್ಸಮ್ಮನದು, ಇನ್ನೊಂದು ಪೋಸ್ಟಿನವನದು. ಇಬ್ಬರೂ ಪರಊರಿನವರು.

ಮೇಷ್ಟ್ರಿಗೆ ಇದು ಬಗೆಹರಿಯಲಿಲ್ಲ. ದಿನಾ ಕಿಟಕಿಯಿಂದ ಅವರೇ ನೋಡಿದ್ದಾರೆ, ಇಲ್ಲಿ ನಲವತ್ತು ಜನ ಹತ್ತುತ್ತಾರೆ. ಹರಪನಹಳ್ಳಿಯ ಕೋರ್ಟಿಗೆ, ಆಸ್ಪತ್ರೆಗೆ, ಸಂತೆಗೆ. ಆಗ ಅವರಿಗೆ ಇನ್ನೊಂದು ದೃಶ್ಯ ನೆನಪಾಯಿತು. ಮುಂದಿನ ನಿಲ್ದಾಣ ಹೊಸಗುಡ್ಡದಲ್ಲಿ ಗಾಡಿ ಐದಾರು ನಿಮಿಷ ನಿಲ್ಲುತ್ತದೆ. ಅಲ್ಲಿ ದಿನಾ ಒಬ್ಬ ಉದ್ದನೆಯ ಮನುಷ್ಯ ಬಟ್ಟೆಚೀಲ ಹಿಡಿದು ಟಿಕೆಟ್ ಕಿಟಕಿಗೆ ಓಡಿ, ಒಂದು ಹಿಡಿ ಟಿಕೆಟ್ ತಂದು ಡಬ್ಬಿಯವರಿಗೆಲ್ಲ ಪ್ರಸಾದದಂತೆ ಹಂಚುತ್ತಾನೆ. ಹೊಸಗುಡ್ಡದ ಯಾವನೋ ಭಕ್ತ ಎಂದುಕೊಂಡಿದ್ದರು ಮೇಷ್ಟ್ರು. ಎರ್ರೆಮ್ಮ ಹೇಳಿದಳು: ಅವನು ಇದೇ ಊರಿನ ಅಂಜಿನಿ. ಗುರುಸಂಗಪ್ಪ ಗೌಡ ಊರಿಗೆಲ್ಲ ಕಟ್ಟುಮಾಡಿದ್ದಾನೆ, ಎರ್ರೆಮ್ಮನ ಕಿಟಕಿಯಲ್ಲಿ ಟಿಕೆಟ್ ತೆಗೆಯಬಾರದು ಎಂದು. ಹಾಗಾಗಿ ಊರಿಗೆ ಊರೇ ಟಿಕೆಟಿಲ್ಲದೆ ಇಲ್ಲಿ ಹತ್ತಿ ಹೊಸಗುಡ್ಡದಲ್ಲಿ ಟಿಕೆಟ್ ಕೊಳ್ಳುತ್ತದೆ. ಒಂದು ವರ್ಷದಿಂದ.

ಕಾರಣವೇನೆಂದು ಕೇಳಿದ್ದಕ್ಕೆ ಅವಳು ಕಿಟಕಿಯ ಮೇಲೆ ತೂಗಿಹಾಕಿದ್ದ ಹಲಗೆಯನ್ನು ಬೆರಳಿಂದ ತೋರಿಸಿದಳು. ಸುಣ್ಣದಲ್ಲಿ ಬರೆದಿತ್ತು: 'ಹುಣಸೆಮರ ದಾಟಿದ ಮೇಲೆ ಟಿಕೆಟ್ ಇಲ್ಲ.'

ಹುಣಸೆಮರ ಕೊಟ್ಟೂರಿನ ದಿಕ್ಕಿಗೆ, ತಿರುವಿನಲ್ಲಿ, ಕಣ್ಣಿಗೆ ಕಾಣುವಷ್ಟು ದೂರದಲ್ಲಿತ್ತು. ಗಾಡಿಯ ಮೂತಿ ಆ ಮರ ದಾಟಿತೆಂದರೆ ಎರ್ರೆಮ್ಮ ಕಿಟಕಿ ಹಾಕುತ್ತಾಳೆ. ಆಮೇಲೆ ದೇವರು ಬಂದು ಚಿಲ್ಲರೆ ಹಿಡಿದು ನಿಂತರೂ ಇಲ್ಲ.

ಪಿನ್ನು ಚುಚ್ಚಿಕೊಂಡ ಮೇಷ್ಟ್ರು ಊರೊಳಕ್ಕೆ ಹೋದರು. ಗೌಡರ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತು ಅವರೆ ಸುಲಿಯುತ್ತಿದ್ದಳು. ಪಕ್ಕದಲ್ಲಿ ಒಂದು ಊರುಗೋಲು. ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಗೌಡರ ಅಕ್ಕ ನೀಲಗಂಗಮ್ಮ. ಮೇಷ್ಟ್ರು ಒಳಗೆ ಹೋಗಿ ಗೌಡರಿಗೆ ನಮಸ್ಕಾರ ಮಾಡಿ, ಬೆನ್ನು ಕಾಣದಂತೆ ಗೋಡೆಗೆ ಒರಗಿ ಕೂತರು.

ಗುರುಸಂಗಪ್ಪ ಗೌಡರು ತೂಕದ ಮನುಷ್ಯ, ಎಲ್ಲ ಅರ್ಥದಲ್ಲಿ. ಮಂಡಿನೋವು. ಇತಿಹಾಸ ಎಂದ ಕೂಡಲೇ ಅವರು ಅರಳಿದರು. ಈ ನಿಲ್ದಾಣ ತಮ್ಮ ಅಜ್ಜನ ದಾನ, ಮೀಟರ್‌ಗೇಜ್ ಕಾಲದಲ್ಲಿ ನಾಲ್ಕು ಎಕರೆ ಎರೆ ಹೊಲ ಬಿಟ್ಟುಕೊಟ್ಟು ಗಾಡಿ ನಿಲ್ಲಿಸಿದವರು ಎಂದು ಬರೆಸಿದರು. ಮೇಷ್ಟ್ರು ಬರೆದುಕೊಂಡರು. ಇದೇ ಪ್ರಶ್ನೆಗೆ ಎರ್ರೆಮ್ಮ ಬೇರೆ ಇತಿಹಾಸ ಹೇಳಿದ್ದಳು: ಗೌಡರ ಅಜ್ಜನ ಎಮ್ಮೆಯೊಂದು ದಿನಾ ಹಳಿಯ ಮೇಲೆ ಮಲಗುತ್ತಿತ್ತು, ಅದನ್ನು ಎಬ್ಬಿಸಲು ಡ್ರೈವರು ಗಾಡಿ ನಿಲ್ಲಿಸುತ್ತಿದ್ದ, ಎಮ್ಮೆ ಏಳುವುದರೊಳಗೆ ಜನ ಹತ್ತಿ ರೂಢಿಯಾಯಿತು, ಎಮ್ಮೆ ಸತ್ತರೂ ರೂಢಿ ಉಳಿಯಿತು. ಮೇಷ್ಟ್ರು ಅದನ್ನೂ ಬರೆದುಕೊಂಡಿದ್ದರು. ಇಪ್ಪತ್ತೈದು ವರ್ಷ ಇತಿಹಾಸ ಕಲಿಸಿದ ಅವರಿಗೆ ಎಮ್ಮೆಯ ಮೇಲೇ ನಂಬಿಕೆ ಹೆಚ್ಚು ಬಂತು. ಹೇಳುವ ಧೈರ್ಯ ಬರಲಿಲ್ಲ.

ಎರ್ರೆಮ್ಮನ ಹೆಸರು ಎತ್ತಿದ್ದೇ ತಡ, ಗೌಡರ ಮುಖ ಬಿಗಿಯಿತು. ಕಥೆ ಹೊರಬಿತ್ತು. ಹೋದ ವರ್ಷ ಮಗಳು ಅರ್ಚನಾಳನ್ನು ನೋಡಲು ದಾವಣಗೆರೆಯಿಂದ ಬೀಗರಾಗಬೇಕಾದವರು ಬಂದಿದ್ದರು. ಸಂಜೆಯ ಗಾಡಿಗೆ ಬಂದು, ಉಂಡು, ಉಳಿದು, ಹುಡುಗಿಯನ್ನು ಮೆಚ್ಚಿ, ಬೆಳಗಿನ ಗಾಡಿಗೆ ಹೊರಟರು. ಹೋಳಿಗೆ ಕಟ್ಟಿಕೊಡುವುದರಲ್ಲಿ ಸ್ವಲ್ಪ ತಡವಾಯಿತು. ನಿಲ್ದಾಣಕ್ಕೆ ಬರುವಷ್ಟರಲ್ಲಿ ಗಾಡಿ ಹುಣಸೆಮರ ದಾಟಿತ್ತು. ಎರ್ರೆಮ್ಮ ಎಲ್ಲರೆದುರು ಕಿಟಕಿ ಹಾಕಿದಳು. ಊರಿಗೆ ಬೆಂಚು ಕೊಟ್ಟ ಮನುಷ್ಯ ಬಾಗಿಲು ಬಡಿದರೂ ತೆಗೆಯಲಿಲ್ಲ. ಟಿಕೆಟಿಲ್ಲದೆ ಹತ್ತುವುದು ಬೀಗರ ಮರ್ಯಾದೆಗೆ ಒಪ್ಪಲಿಲ್ಲ. ಗೌಡರು ಆಗಿನ್ನೂ ಕಾರು ತಂದಿರಲಿಲ್ಲ. ಬೀಗರು ಇನ್ನೊಂದು ದಿನ ಉಳಿದರು.

ಆ ಒಂದು ದಿನವೇ ಕೆಡಿಸಿತು. ಗೌಡರು ಅಂಗಳದಲ್ಲಿ ನಿಂತು ಎರ್ರೆಮ್ಮನನ್ನೂ ಅವಳ ವಂಶವನ್ನೂ ಎರಡು ಗಂಟೆ ಬೈದರು. ಬೀಗಿತ್ತಿಯಾಗಬೇಕಾದವಳು ಒಳಗೆ ಕೂತು ಎಲ್ಲ ಕೇಳಿಸಿಕೊಂಡಳು. ಅಪ್ಪನ ಬಾಯಿ ಹೀಗಿದ್ದರೆ ಮಗಳ ಬಾಯಿ ಹೇಗಿರಬೇಡ ಎಂದು ಊರಿಗೆ ಹೋಗಿ ಹೇಳಿದಳಂತೆ. ಸಂಬಂಧ ಮುರಿಯಿತು.

"ನನ್ನ ಮಗಳ ಮದಿವಿ ಮುರದಾಕಿ ಕೈಲಿಂದ ನಮ್ಮೂರು ಟಿಕೆಟ್ ತಗಣಾದಿಲ್ಲ" ಎಂದರು ಗೌಡರು. "ಕಿಟಕಿ ಮುಚ್ಚಲಿ. ನಾನಾ ಹೋಗಿ ಬೀಗ ಕೊಡ್ತೀನಿ, ಹೊಸಾದು."

ಕಟ್ಟೆಯಿಂದ ನೀಲಗಂಗಮ್ಮನ ದನಿ ಬಂತು. ಅವರೆ ಸುಲಿಯುವುದು ನಿಂತಿರಲಿಲ್ಲ.

"ಮೇಷ್ಟ್ರ, ಉಚ್ಚಂಗೆಪ್ಪ ಭಾಳ ಒಳ್ಳೇನು, ಬರಕೊಳ್ರಿ. ಗಾಡಿ ಸೀಟಿ ಹೊಡದಿತ್ತು. ಅಣ್ಣಾ ಒಂದು ಟಿಕೆಟ್ ಅಂದೆ. ಇಲ್ಲ ಅನ್ನಾಕ ಅವನಿಗೆ ಬರ್ತಿದ್ದಿಲ್ಲ, ಕೊಟ್ಟ. ಟಿಕೆಟ್ ಕೈಯಾಗ ಐತಲ್ಲ ಅಂತ ಓಡಿದೆ. ಗಾಡಿ ನನ್ನ ಕಾಲು ತಗಂಡು ಹರಪನಹಳ್ಳಿಗೆ ಹೋತು."

ಅವಳು ಮುಂದುವರಿಸಿದಳು. ಆ ದಿನದಿಂದ ಉಚ್ಚಂಗೆಪ್ಪ ಕಿಟಕಿಯಲ್ಲಿ ಕೂರಲಿಲ್ಲ, ಮುಂದಿನ ವರ್ಷ ಕೊರಗಿನಲ್ಲೇ ಹೋದ. ಹಲಗೆ ಬರೆದು ಹಾಕಿದ್ದು ಎರ್ರೆಮ್ಮ.

"ನಂದು ಕಾಲು ಹೋತು, ಇವಂದು ಬೀಗರು ಒಂದಿನ ಹೆಚ್ಚಿಗಿ ಉಂಡ್ರು" ಎಂದಳು ಕೊನೆಗೆ. "ಯಾವ್ದು ದೊಡ್ಡದು ಅಂತ ನಿಮ್ಮ ಪುಸ್ತಕದಾಗ ನೋಡಿ ಹೇಳ್ರಿ."

"ನೀ ಸುಮ್ನ ಅವರಿ ಸುಲಿ, ಅಕ್ಕ" ಎಂದರು ಗೌಡರು.

ಮೇಷ್ಟ್ರು ಸಂಧಾನಕ್ಕೆ ಇಳಿದರು. ನಿಲುಗಡೆ ಹೋದರೆ ಊರಿಗೇ ನಷ್ಟ, ರೋಗಿಗಳಿಗೆ ಕಷ್ಟ ಎಂದರು. ಗೌಡರು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದರು. ಬಸ್ಸು ಹಿಡಿಯಲು ಮುಖ್ಯ ರಸ್ತೆಗೆ ನಾಲ್ಕು ಮೈಲಿ ನಡೆಯಬೇಕಾಗುತ್ತದೆ ಎಂದರು ಮೇಷ್ಟ್ರು. ತಮಗೆ ಕಾರು ಇದೆ ಎಂದರು ಗೌಡರು. ಸೋತು ಏಳುವಾಗ ಮೇಷ್ಟ್ರು ತಾವು ಬರೆದಿಟ್ಟ ಹಾಳೆ ತಿರುವುತ್ತ, ಏನೂ ಉದ್ದೇಶವಿಲ್ಲದೆ ಒಂದು ಮಾತು ಅಂದರು: ಹೊಸಗುಡ್ಡದ ಪುಟ ಮಾತ್ರ ಚೆನ್ನಾಗಿ ಬಂದಿದೆ. ಟಿಕೆಟ್ ಮಾರಾಟ ಹೆಚ್ಚಾಯಿತೆಂದು ಅವರಿಗೆ ಹೊಸ ತಗಡಿನ ಚಾವಣಿ, ಎರಡು ಫ್ಯಾನು, ಮೆಚ್ಚುಗೆ ಪತ್ರ ಎಲ್ಲ ಬಂದಿದೆ.

ಗೌಡರು ಹಲ್ಲಿಯನ್ನು ಬಿಟ್ಟು ಮೇಷ್ಟ್ರನ್ನು ನೋಡಿದರು. ಹೊಸಗುಡ್ಡಕ್ಕೂ ಕಾರೇಕಟ್ಟೆಗೂ ಕೆರೆಯ ತೂಬಿನ ವಿಷಯವಾಗಿ ಮೂರು ತಲೆಮಾರಿನ ಜಗಳ. ಊಟಕ್ಕೆ ಕೂತಾಗ ಆ ಊರಿನ ಹೆಸರು ಕೇಳಿದರೆ ಗೌಡರು ತಾಟು ಸರಿಸಿಬಿಡುವವರು.

"ಅಂದ್ರ ನಮ್ಮೂರ ಮಂದಿ ತಗಂಡ ಟಿಕೆಟಿಗೆ ಹೊಸಗುಡ್ಡದ ನನಮಕ್ಳು ಫ್ಯಾನಿನ ಗಾಳಿ ತಗಣಾಕ ಹತ್ಯಾರ?"

ಹಾಗೆಂದು ಹೇಳಬಹುದು, ಎಂದರು ಮೇಷ್ಟ್ರು.

ಎರ್ರೆಮ್ಮನ ಮೇಲಿನ ಸಿಟ್ಟು ಒಂದು ವರ್ಷದ್ದು, ಹೊಸಗುಡ್ಡದ ಮೇಲಿನದು ತೊಂಬತ್ತು ವರ್ಷದ್ದು. ಹಳೆಯದೇ ಗೆದ್ದಿತು. ಸೋಮವಾರ ಊರಿನವರು ಕಿಟಕಿಯಲ್ಲಿ ಟಿಕೆಟ್ ತೆಗೆಯಲಿ ಎಂದು ಅಪ್ಪಣೆಯಾಯಿತು. ಆದರೆ ಎರಡು ಷರತ್ತು. ಎರ್ರೆಮ್ಮ ಕೈಗೆ ಕೊಡಕೂಡದು, ಕಿಟಕಿಯ ಕಟ್ಟೆಯ ಮೇಲೆ ಇಡಬೇಕು. ಮತ್ತು ಮೂವತ್ತನೆಯ ಟಿಕೆಟು ಗೌಡರದಾಗಬೇಕು. ನಿಲ್ದಾಣ ಕೊಟ್ಟವರು ಅಜ್ಜ, ಉಳಿಸಿದವರು ಮೊಮ್ಮಗ ಎಂದು ಪುಸ್ತಿಕೆಯಲ್ಲಿ ಬರಬೇಕು. ಅಂಜಿನಿಯನ್ನು ಕರೆಸಿ, ಇಪ್ಪತ್ತೊಂಬತ್ತಕ್ಕೆ ನಿಲ್ಲಿಸು, ನಾನು ಬರುವತನಕ ಒಬ್ಬನೂ ಕೈ ಹಾಕಬಾರದು ಎಂದು ಹೇಳಿದರು. ಮೇಷ್ಟ್ರು ಆ ಮಾತನ್ನು ಸಂತೋಷದಿಂದ ಬರೆದುಕೊಂಡರು. ಅದರಲ್ಲಿ ಏನಾದರೂ ಕೊಂಕಿದೆಯೆಂದು ಅವರಿಗೆ ಹೊಳೆಯಲೇ ಇಲ್ಲ. ಜಾಲಿಯ ಪೊದೆಯೂ ಹಾರುವ ಮುಂಚೆ ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಸಂಜೆ ಕೊಟ್ಟೂರಿಗೆ ಹೋಗುವ ಗಾಡಿಗೆ ಮೊದಲು ಅವರು ಗೆದ್ದ ಸೇನಾಪತಿಯಂತೆ ಕಿಟಕಿಯ ಮುಂದೆ ನಿಂತು ಸುದ್ದಿ ಹೇಳಿದರು. ಎರ್ರೆಮ್ಮ ಮೆಣಸಿನಕಾಯಿ ಚೀಲಕ್ಕೆ ತುಂಬುತ್ತಿದ್ದಳು. ಕೈಗೆ ಕೊಡಬಾರದು ಎಂಬ ಷರತ್ತಿಗೆ, ಗೌಡನ ಕೈ ಹಿಡಿಯಲು ತಾನೇನೂ ಹರಕೆ ಹೊತ್ತಿಲ್ಲ ಎಂದಳು. ಮೂವತ್ತನೆಯ ಟಿಕೆಟಿನ ವಿಷಯಕ್ಕೆ ಕೈ ನಿಲ್ಲಿಸಿದಳು.

"ಬರ್ಲಿ. ಹುಣಸಿಮರ ದಾಟೋದ್ರೊಳಗ ಬರ್ಲಿ."

ಒಂದು ದಿನ, ಸೋಮವಾರ ಒಂದೇ ದಿನ, ಎರಡು ನಿಮಿಷ ಆಚೀಚೆಯಾದರೆ ನೋಡಿಕೊಂಡು ಹೋಗಬೇಕು ಎಂದು ಮೇಷ್ಟ್ರು ಬೇಡಿಕೊಂಡರು. ಅವಳು ಹಲಗೆಯನ್ನು ತೋರಿಸಲೂ ಇಲ್ಲ. ಪಿನ್ನು ಎಲ್ಲಿ ಎಂದಳು. ಅದು ಇನ್ನೂ ಕೆಲಸದಲ್ಲಿದೆ ಎಂದು ಮೇಷ್ಟ್ರು ಗೋಡೆಗೆ ಒರಗಿಯೇ ಉತ್ತರ ಕೊಟ್ಟರು.

ಸೋಮವಾರ ಮೇಷ್ಟ್ರು ಬಸ್ಸಿಳಿದು ನಾಲ್ಕು ಮೈಲಿ ನಡೆದು, ಎಂಟೂವರೆಗೇ ನಿಲ್ದಾಣ ಸೇರಿದರು. ಕಾರ್ಯಕ್ರಮ ಮುಗಿಸಿ ಇಲ್ಲಿಂದಲೇ ಗಾಡಿ ಹತ್ತಿ ಕಾಲೇಜಿಗೆ ಹೋಗುವ ಲೆಕ್ಕ. ಇನ್ಸ್‌ಪೆಕ್ಟರು ಶ್ರೀನಿವಾಸ ಎಂಬವರು ಬೈಕಿನಲ್ಲಿ ಬಂದು ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದರು. ಟೀ ಸಿಗುತ್ತದೆಯೇ ಎಂದು ಕೇಳಿ, ಎರ್ರೆಮ್ಮ ನೋಡಿದ ನೋಟಕ್ಕೆ ಸುಮ್ಮನಾಗಿದ್ದರು. ಬೆಂಚಿನ ಮೇಲೆ ಆ ದಿನ ಹುರುಳಿ ಒಣಗುತ್ತಿತ್ತು.

ಒಂಬತ್ತಕ್ಕೆ ಊರು ಬಂತು. ಸಾಲು ನಿಂತಿತು. ಒಬ್ಬೊಬ್ಬರೂ ದುಡ್ಡನ್ನು ಕಟ್ಟೆಯ ಮೇಲೆ ಇಟ್ಟು ಮುಖ ತಿರುಗಿಸುವುದು, ಎರ್ರೆಮ್ಮ ಯಂತ್ರದಲ್ಲಿ ಟಿಕೆಟ್ ತೂರಿಸಿ ಖಟ್ ಎನ್ನಿಸಿ ಕಟ್ಟೆಯ ಮೇಲೆ ಎಸೆಯುವುದು. ಮಾತಿಲ್ಲ. ಹೆಣದ ಮನೆಯಲ್ಲಿ ಅಕ್ಕಿ ಹಾಕುವವರಿಗೂ ಇದಕ್ಕಿಂತ ಹೆಚ್ಚು ಸಲಿಗೆ ಇರುತ್ತದೆ ಎಂದುಕೊಂಡರು ಮೇಷ್ಟ್ರು. ನರ್ಸಮ್ಮ, ಪೋಸ್ಟಿನವನು ಸೇರಿ ಇಪ್ಪತ್ತು, ಇಪ್ಪತ್ತೈದು, ಇಪ್ಪತ್ತೆಂಟು. ಇನ್ಸ್‌ಪೆಕ್ಟರು ಗೆರೆ ಎಳೆಯುತ್ತಿದ್ದರು. ಇಪ್ಪತ್ತೊಂಬತ್ತನೆಯದು ಅಂಜಿನಿಯದೇ. ಅದು ಬಿದ್ದ ಕೂಡಲೇ ಅವನು ಎರಡೂ ಕೈ ಚಾಚಿ ಸಾಲನ್ನು ತಡೆದ. ಅವನ ಹಿಂದೆ ಇನ್ನೂ ಹನ್ನೆರಡು ಜನ ಇದ್ದರು, ಕೈಯಲ್ಲಿ ದುಡ್ಡು ಹಿಡಿದು. ಎಲ್ಲರೂ ನಿಂತರು.

ಗಂಟೆ ಒಂಬತ್ತು ಇಪ್ಪತ್ತೆರಡು. ಗೌಡರ ಸುದ್ದಿಯಿಲ್ಲ. ಬಿಳಿ ಅಂಗಿ ಇಸ್ತ್ರಿಗೆ ಹೋಗಿದೆಯಂತೆ ಎಂದು ಯಾರೋ ಪಿಸುಗುಟ್ಟಿದರು.

ಎರ್ರೆಮ್ಮ ಕಿಟಕಿಯಿಂದ ಮುಖ ಮುಂದೆ ತಂದಳು. "ಇನ್ನ ಯಾರಿಗೆ ಬೇಕು?"

ಹನ್ನೆರಡು ಜನ ಅಂಜಿನಿಯನ್ನು ನೋಡಿದರು. ಅಂಜಿನಿ ಊರಿನ ದಾರಿ ನೋಡಿದ.

"ಇನ್ನ ಯಾರಿಗೆ ಬೇಕು ಅಂತ ಕೇಳಾಕ ಹತ್ತೀನಿ."

ಒಬ್ಬ ಹೆಂಗಸು ಅರ್ಧ ಹೆಜ್ಜೆ ಮುಂದಿಟ್ಟಳು. ಗೌಡರ ಮಾತು, ಎಂದ ಅಂಜಿನಿ. ಅವಳು ಹೆಜ್ಜೆ ಹಿಂತೆಗೆದಳು. ಎರ್ರೆಮ್ಮನ ಕಣ್ಣು ಸಾಲಿನ ಮೇಲೆ ಹರಿದು, ಬೇವಿನ ಮರ ದಾಟಿ, ಮೇಷ್ಟ್ರ ಮೇಲೆ ನಿಂತಿತು.

"ಮೇಷ್ಟ್ರ. ನಿಮಗ?"

ಮೇಷ್ಟ್ರ ಕೈ ತಾನಾಗಿ ಜೇಬಿಗೆ ಹೋಯಿತು. "ನನಗೆ ಪಾಸು ಇದೆಯಲ್ಲಮ್ಮ" ಎಂದರು, ನಕ್ಕು.

ಆ ನಗು ಮುಖದಿಂದ ಇಳಿಯುವುದರೊಳಗೆ ತಿರುವಿನಲ್ಲಿ ಹಾರನ್ ಕೇಳಿಸಿತು. ಎಂಜಿನ್ನಿನ ಮೂತಿ ಹುಣಸೆಮರದ ಹಿಂದೆ ಕಾಣಿಸಿ, ಮರದ ನೆರಳಿಗೆ ಬಂದು, ನೆರಳಿನಿಂದ ಹೊರಗೆ ಬಂತು. ಎರ್ರೆಮ್ಮ ಕಿಟಕಿ ಹಾಕಿದಳು. ಒಳಗಿನ ಚಿಲಕದ ಸದ್ದು ಎಲ್ಲರಿಗೂ ಕೇಳಿಸಿತು.

ಅದೇ ಹೊತ್ತಿಗೆ ಊರಿನ ಕಡೆಯಿಂದ ಕಾರು ಬಂತು. ಗೌಡರು ಹೊಸ ಬಿಳಿ ಬಟ್ಟೆಯಲ್ಲಿ ಇಳಿದು, ಐನೂರರ ನೋಟು ಹಿಡಿದು, ಛತ್ರಿ ಊರಿಕೊಂಡು, ಮಂಡಿ ಎಳೆಯುತ್ತ ಕಿಟಕಿಯ ಹತ್ತಿರ ಬಂದರು. ಮುಚ್ಚಿದ್ದು ಕಂಡಿತು. ಬಡಿದರು. ಕೈ ಸಾಲದೆ ಛತ್ರಿಯ ಹಿಡಿಯಿಂದ ಬಡಿದರು. ಒಂದು ವರ್ಷದ ಹಿಂದೆ ಬೀಗರ ಮುಂದೆ ಬಡಿದಂತೆಯೇ. ಗಾಡಿ ಬಂದು ನಿಂತಿತು. ಹತ್ತಬೇಕಾದ ಡಬ್ಬಿಗಳು ಐವತ್ತು ಹೆಜ್ಜೆ ಮುಂದೆ, ಎಂದಿನಂತೆ. ಇಪ್ಪತ್ತೊಂಬತ್ತು ಜನ ಟಿಕೆಟ್ ಹಿಡಿದು ಹತ್ತಿದರು. ಉಳಿದ ಹನ್ನೆರಡು ಜನ ಒಂದು ಗಳಿಗೆ ಗೌಡರನ್ನೂ ಗಾಡಿಯನ್ನೂ ನೋಡಿ, ಟಿಕೆಟಿಲ್ಲದೆ ಹತ್ತಿದರು. ಅಂಜಿನಿಯ ಹೆಗಲಲ್ಲಿ ಬಟ್ಟೆಚೀಲ ಇದ್ದೇ ಇತ್ತು. ಇನ್ನು ಹತ್ತು ನಿಮಿಷಕ್ಕೆ ಹೊಸಗುಡ್ಡದ ಕಿಟಕಿಯಲ್ಲಿ ಹನ್ನೆರಡು ಟಿಕೆಟ್ ಹೆಚ್ಚು ಮಾರಾಟವಾಗುವುದಿತ್ತು.

ಗೌಡರು ಹತ್ತಲಿಲ್ಲ. ಟಿಕೆಟಿಲ್ಲದೆ ಗಾಡಿ ಹತ್ತುವ ವಂಶ ತಮ್ಮದಲ್ಲ ಎಂದರು, ಮುಚ್ಚಿದ ಕಿಟಕಿಗೆ. ಗಾಡಿ ಹೊರಟಿತು.

ಇನ್ಸ್‌ಪೆಕ್ಟರು ಗೆರೆಗಳನ್ನು ಎರಡು ಸಲ ಎಣಿಸಿದರು. ಮೇಷ್ಟ್ರು ಓಡಿಹೋಗಿ, ಜನ ಇದ್ದರು, ಕಣ್ಣೆದುರೇ ಇದ್ದರು, ತಾವೇ ಸಾಕ್ಷಿ ಎಂದರು. ತಮಗೆ ಎಣಿಸಲು ಹೇಳಿದ್ದು ಜನರನ್ನಲ್ಲ, ಟಿಕೆಟನ್ನು, ಎಂದರು ಇನ್ಸ್‌ಪೆಕ್ಟರು. ಇಪ್ಪತ್ತೊಂಬತ್ತು ಎಂದು ಬರೆದು, ಕೆಳಗೆ ರುಜು ಮಾಡಿ, ಮುಂದಿನ ತಿಂಗಳ ಒಂದನೇ ತಾರೀಖು ಕಿಟಕಿಯ ಬೀಗದ ಕೈಯನ್ನು ಕೊಟ್ಟೂರಿಗೆ ಒಪ್ಪಿಸಬೇಕೆಂದು ಹೇಳಿ, ಬೈಕು ಹತ್ತಿದರು. ಟೀ ಸಿಗದ ಸಿಟ್ಟೂ ಸ್ವಲ್ಪ ಸೇರಿದ್ದಿರಬೇಕು, ಮೇಷ್ಟ್ರಿಗೆ ಹಾಗನ್ನಿಸಿತು. ಗೌಡರು ಎರ್ರೆಮ್ಮನಿಗೆ ಹತ್ತು, ಮೇಷ್ಟ್ರಿಗೆ ನಾಲ್ಕು ಬೈಗುಳ ಹಂಚಿ, ಬೆಂಚಿನ ಮೇಲಿನ ಹುರುಳಿಯನ್ನು ಛತ್ರಿಯಿಂದ ನೆಲಕ್ಕೆ ಎಳೆದು ಕೆಡವಿ, ಕಾರಿನಲ್ಲಿ ಕೂತು ಹೋದರು.

ನಿಲ್ದಾಣದಲ್ಲಿ ಮೇಷ್ಟ್ರೊಬ್ಬರೇ ಉಳಿದರು. ಗಾಡಿಯಲ್ಲಿ ತಾವೂ ಹೋಗಬೇಕಿತ್ತೆಂದು ಆಗ ನೆನಪಾಯಿತು. ಜೇಬಿನಲ್ಲಿ ಪಾಸು ಬೆಚ್ಚಗೆ ಇತ್ತು. ಅದನ್ನು ಮುಟ್ಟಿಕೊಂಡಾಗ, ಆ ದಿನ ಟಿಕೆಟ್ ತೆಗೆಯದೆ ನಿಂತವರಲ್ಲಿ ಗೌಡರ ಮಾತಿಗೆ ಕಟ್ಟುಬೀಳಬೇಕಾಗಿಲ್ಲದ ಏಕೈಕ ಪ್ರಯಾಣಿಕ ತಾವೇ ಎಂಬುದು ಅವರಿಗೆ ನಿಧಾನವಾಗಿ ತಿಳಿಯಿತು. ಎರ್ರೆಮ್ಮ ಕೇಳಿಯೂ ಇದ್ದಳು, ಮೇಷ್ಟ್ರ ಎಂದು ಕರೆದೇ.

ಎರ್ರೆಮ್ಮ ಬಾಗಿಲು ತೆಗೆದು ಹೊರಗೆ ಬಂದಳು. ನೆಲಕ್ಕೆ ಕೂತು ಹುರುಳಿ ಬಾಚತೊಡಗಿದಳು. ಮೇಷ್ಟ್ರೂ ಕೂತರು, ಹೊಸ ಪ್ಯಾಂಟಿನಲ್ಲಿ, ಹುಷಾರಾಗಿ. ಜೇಬಿನಿಂದ ಪಿನ್ನು ತೆಗೆದು ಕೊಟ್ಟರು. ಅವಳು ಅದು ತನ್ನದೇ ಹೌದೋ ಎಂದು ತಿರುಗಿಸಿ ನೋಡಿ ಸೆರಗಿಗೆ ಚುಚ್ಚಿಕೊಂಡಳು.

ಸ್ವಲ್ಪ ಹೊತ್ತು ಇಬ್ಬರೂ ಹುರುಳಿ ಬಾಚಿದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಎರ್ರೆಮ್ಮಾ, ನನ್ನದು ತಪ್ಪು, ಒಪ್ಪಿದೆ. ಆದರೆ ಗಾಡಿ ಇನ್ನೂ ನಿಂತಿತ್ತು, ಗೌಡರು ದುಡ್ಡು ಹಿಡಿದು ಕಿಟಕಿಯ ಮುಂದೆಯೇ ಇದ್ದರು. ಒಂದೇ ಒಂದು ಟಿಕೆಟ್, ನಿನ್ನ ಕೆಲಸ ಉಳಿಯುತ್ತಿತ್ತು. ಕಿಟಕಿ ತೆಗೆದು ಕೊಟ್ಟಿದ್ದರೆ ಏನಾಗುತ್ತಿತ್ತು?"

ಎರ್ರೆಮ್ಮ ಹುರುಳಿಯಲ್ಲಿದ್ದ ಒಂದು ಕಲ್ಲನ್ನು ಹೆಕ್ಕಿ ಹಳಿಯ ಕಡೆಗೆ ಎಸೆದಳು.

"ಗೌಡ ಓಡ್ತಿದ್ದ" ಎಂದಳು.